ಮ್ಯೂಸಿಯಂ ಕೂಡ ಕೆಲಸದ ಜಾಗವೇ

ಎರಡನೇ ವರ್ಷಕ್ಕೆ ಬಂದ ಮೇಲೆ ನಮ್ಮ ಮಾತೆಲ್ಲ ಒಂದೇ ಕಡೆ ತಿರುಗುತ್ತದೆ. ಯಾವ ಕಂಪನಿ ಬರುತ್ತೆ, ಎಷ್ಟು ಸಿಜಿಪಿಎ ಕೇಳುತ್ತೆ, ಪ್ಯಾಕೇಜ್ ಎಷ್ಟು, ಬ್ಯಾಕ್‌ಲಾಗ್ ಇದ್ರೆ ಪ್ಲೇಸ್‌ಮೆಂಟಿಗೆ ಕೂರಿಸ್ತಾರಾ ಇಲ್ವಾ. ಕೆಲಸ ಅನ್ನೋ ಪದಕ್ಕೆ ನಮ್ಮಲ್ಲಿ ಉಳಿದಿರೋದು ಮೂರೇ ಅರ್ಥ: ಸಾಫ್ಟ್‌ವೇರ್, ಕೋರ್ ಕಂಪನಿ, ಇಲ್ಲಾಂದ್ರೆ ಸರ್ಕಾರಿ ಪರೀಕ್ಷೆ. ಇದರ ಹೊರಗೆ ಏನಾದ್ರೂ ಆಸೆ ಇದೆ ಅಂದ್ರೆ, "ಅದೆಲ್ಲ ಹಾಬಿ, ಶನಿವಾರ ಭಾನುವಾರ ಮಾಡ್ಕೋ" ಅನ್ನೋ ಉತ್ತರ ರೆಡಿ ಇರುತ್ತದೆ.

ನಾವು ಬರೆಯೋಕೆ ಹೊರಟಿರೋದು ಆ 'ಹಾಬಿ' ಪಟ್ಟಿಗೆ ಸೇರಿಹೋಗಿರುವ ಒಂದು ಕೆಲಸದ ಬಗ್ಗೆ. ಅದು ನಿಸರ್ಗ ವಿಜ್ಞಾನದ ಮ್ಯೂಸಿಯಂಗಳಲ್ಲಿ ಸಿಗುವ ಉದ್ಯೋಗ. ಪ್ರಾಣಿ, ಪಕ್ಷಿ, ಹುಳ, ಗಿಡ, ಕಲ್ಲು, ಪಳೆಯುಳಿಕೆ ಇವನ್ನೆಲ್ಲ ಕೂಡಿಟ್ಟು, ಕಾಯ್ದು, ತೋರಿಸುವ ಜಾಗಗಳು ಇವು. ಮೈಸೂರಿನ ಕಾರಂಜಿ ಕೆರೆ ಪಕ್ಕದಲ್ಲಿ 1995ರಲ್ಲಿ ಶುರುವಾದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ನಮ್ಮಲ್ಲಿ ಕೆಲವರು ಸ್ಕೂಲ್ ಟ್ರಿಪ್ಪಿನಲ್ಲಿ ಹೋಗಿದ್ದೇವೆ. ಅರಮನೆ ನೋಡಿ, ಝೂ ನೋಡಿ, ಟೈಮ್ ಉಳಿದ್ರೆ ಅಲ್ಲಿಗೆ. ಸಾಲಾಗಿ ನಿಂತು ಒಳಗೆ ಹೋಗಿ ಸಾಲಾಗಿ ಹೊರಗೆ ಬಂದಿದ್ದೇವೆ. ಅಲ್ಲಿ ಕೆಲಸ ಮಾಡೋರು ಇದ್ದಾರೆ, ಅವರಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ, ಅಂಥ ಕೆಲಸಕ್ಕೆ ಮುಂದೊಂದು ದಿನ ನಾವೂ ಅರ್ಜಿ ಹಾಕಬಹುದು ಅಂತ ಮಾತ್ರ ನಮಗೆ ಯಾರೂ ಹೇಳಲಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಮ್ಯೂಸಿಯಂಗಳಲ್ಲಿ ಎಂಜಿನಿಯರಿಂಗ್ ಓದಿದವರಿಗೆ ನಿಜವಾದ ಕೆಲಸ ಇದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಜನ ಇಲ್ಲದಿದ್ದರೆ ವಾಪಸ್ ತರಲಾಗದ ವಸ್ತುಗಳು ಹಾಳಾಗುತ್ತವೆ. ಹಾಗಾಗಿ ಮ್ಯೂಸಿಯಂ ಕಟ್ಟುವವರು ಗೋಡೆಗೆ ದುಡ್ಡು ಇಡುವಾಗಲೇ ಹುದ್ದೆಗಳಿಗೂ ಇಡಬೇಕು. ನಮ್ಮಂಥ ಕಾಲೇಜುಗಳು ಆ ಬಾಗಿಲು ಎಲ್ಲಿದೆ ಅಂತ ತೋರಿಸಬೇಕು.

ಬೀರು ಒಳಗೆ ಏನಿದೆ

ಮ್ಯೂಸಿಯಂ ಕೆಲಸ ಅಂದ್ರೆ ಟಿಕೆಟ್ ಹರಿಯೋದು, ಗಾಜು ಒರೆಸೋದು, "ಮುಟ್ಟಬೇಡಿ" ಅಂತ ಮಕ್ಕಳನ್ನು ಗದರೋದು ಅನ್ನೋ ಚಿತ್ರ ನಮ್ಮ ತಲೆಯಲ್ಲಿದೆ. ಇದಕ್ಕೆ ಕಾರಣ ನಾವು ನೋಡೋದು ಮ್ಯೂಸಿಯಮ್ಮಿನ ಮುಂದಿನ ಕೋಣೆಯನ್ನು ಮಾತ್ರ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1881ರಲ್ಲಿ ತೆರೆಯಿತು. ಅದರ ಸಂಗ್ರಹದಲ್ಲಿ ಸುಮಾರು 8 ಕೋಟಿ ವಸ್ತುಗಳಿವೆ. ಅಮೆರಿಕದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ನಿಸರ್ಗ ಮ್ಯೂಸಿಯಮ್ಮಿನಲ್ಲಿ 14 ಕೋಟಿಗೂ ಹೆಚ್ಚು. ಜನ ನೋಡುವ ಗ್ಯಾಲರಿಯಲ್ಲಿ ಇರೋದು ಅದರ ಒಂದು ಚೂರು ಮಾತ್ರ. ಉಳಿದದ್ದೆಲ್ಲ ಹಿಂದಿನ ಕೋಣೆಗಳ ಬೀರು, ಡ್ರಾಯರ್, ಬಾಟಲಿಗಳಲ್ಲಿ. ಸೂಜಿ ಚುಚ್ಚಿದ ಜೀರುಂಡೆ, ಆಲ್ಕೋಹಾಲ್‌ನಲ್ಲಿ ಮುಳುಗಿಸಿಟ್ಟ ಹಾವು, ಕಾಗದಕ್ಕೆ ಅಂಟಿಸಿದ ಒಣ ಎಲೆ, ಪ್ರತಿಯೊಂದಕ್ಕೂ ಒಂದು ಪುಟ್ಟ ಚೀಟಿ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ಹಿಡಿದರು.

ಸತ್ತ ಹುಳಗಳನ್ನು ನೂರು ವರ್ಷ ಇಟ್ಟುಕೊಂಡು ಏನು ಮಾಡ್ತಾರೆ ಅಂತ ಕೇಳೋದು ಸಹಜ. ಇದಕ್ಕೆ ಮೊಟ್ಟೆಯ ಕಥೆ ಒಳ್ಳೆ ಉತ್ತರ. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಪೆರೆಗ್ರಿನ್ ಅನ್ನೋ ಡೇಗೆ ಹಕ್ಕಿಗಳು ಕಡಿಮೆಯಾಗತೊಡಗಿದವು. ಗೂಡಿನಲ್ಲೇ ಮೊಟ್ಟೆಗಳು ಒಡೆದುಹೋಗುತ್ತಿದ್ದವು. ಡೆರೆಕ್ ರ್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆ ಚಿಪ್ಪುಗಳನ್ನು ತೂಕ ಮಾಡಿ, ಅಳೆದು, ಹೊಸ ಚಿಪ್ಪುಗಳ ಜೊತೆ ಹೋಲಿಸಿದರು. 1940ರ ದಶಕದ ಕೊನೆಯಿಂದ ಚಿಪ್ಪು ತೆಳ್ಳಗಾಗಿರೋದು ಗೊತ್ತಾಯ್ತು. ಡಿಡಿಟಿ ಹೊಲಗಳಿಗೆ ಬಂದದ್ದೂ ಅದೇ ಕಾಲಕ್ಕೆ. ಅವರ ಲೇಖನ ಪ್ರಕಟವಾದದ್ದು 1967ರಲ್ಲಿ. ಅಮೆರಿಕದಲ್ಲೂ ಇಂಥದ್ದೇ ಅಳತೆಗಳು ನಡೆದವು, 1972ರಲ್ಲಿ ಅಲ್ಲಿ ಡಿಡಿಟಿ ನಿಷೇಧವಾಯಿತು. ಆ ಮೊಟ್ಟೆಗಳನ್ನು ಮೊದಮೊದಲು ಪೆಟ್ಟಿಗೆಯಲ್ಲಿ ಇಟ್ಟವರಿಗೆ ಡಿಡಿಟಿ ಅನ್ನೋ ಹೆಸರೇ ಗೊತ್ತಿರಲಿಲ್ಲ. ಯಾರೋ ಇಟ್ಟಿದ್ದರು, ಇನ್ಯಾರೋ ದಶಕಗಟ್ಟಲೆ ನುಸಿ ಹಿಡಿಯದ ಹಾಗೆ ಕಾಯ್ದಿದ್ದರು, ಅಷ್ಟಕ್ಕೇ ಉತ್ತರ ಸಿಕ್ಕಿತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮ್ಯೂಸಿಯಂ ಅಂದ್ರೆ ಪ್ರಕೃತಿಯ ಹಳೆ ಡೇಟಾ. ಒಮ್ಮೆ ಡಿಲೀಟ್ ಆದ್ರೆ ಮತ್ತೆ ಹೋಗಿ 1890ರ ಚಿಪ್ಪನ್ನು ತರೋಕೆ ಆಗಲ್ಲ.

ಇದು ನಮಗೂ ಸಂಬಂಧಪಟ್ಟ ವಿಷಯ. ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆ ಸಿಕ್ಕಿತು ಅಂತ ಆಗಾಗ ಪೇಪರಿನಲ್ಲಿ ಬರುತ್ತದಲ್ಲ, ಅದು ಹೊಸದು ಅಂತ ಹೇಳಬೇಕಾದರೆ ಹಿಂದೆ ಹೆಸರಿಟ್ಟ ಕಪ್ಪೆಗಳ ಮೂಲ ಮಾದರಿಗಳ ಜೊತೆ ಹೋಲಿಸಬೇಕು. ಒಂದು ಜಾತಿಗೆ ಮೊದಲ ಸಲ ಹೆಸರಿಡುವಾಗ ಯಾವ ಪ್ರಾಣಿಯನ್ನು ಮುಂದಿಟ್ಟುಕೊಂಡು ವಿವರಿಸಿರುತ್ತಾರೋ ಅದೇ ಮೂಲ ಮಾದರಿ. ಬ್ರಿಟಿಷರ ಕಾಲದಲ್ಲಿ ನಮ್ಮ ಘಟ್ಟಗಳಲ್ಲಿ ಹಿಡಿದ ಎಷ್ಟೋ ಪ್ರಾಣಿಗಳ ಮೂಲ ಮಾದರಿಗಳು ಇರೋದು ಲಂಡನ್ನಿನ ಬಾಟಲಿಗಳಲ್ಲಿ. ನಮ್ಮ ಕಾಡಿನ ಕಪ್ಪೆ ಯಾವುದು ಅಂತ ಖಚಿತ ಮಾಡಿಕೊಳ್ಳೋಕೆ ನಮ್ಮ ಸಂಶೋಧಕರು ಅಲ್ಲಿಗೆ ಹೋಗಬೇಕು, ಇಲ್ಲಾ ಅಲ್ಲಿಂದ ಫೋಟೊ ತರಿಸಿಕೊಳ್ಳಬೇಕು. ಇನ್ನು ಮೇಲೆ ಸಿಗೋದಾದ್ರೂ ಇಲ್ಲೇ ಇರಬೇಕು, ಇಲ್ಲೇ ಚೆನ್ನಾಗಿರಬೇಕು ಅಂದ್ರೆ ನೋಡಿಕೊಳ್ಳೋಕೆ ಇಲ್ಲಿ ಜನ ಬೇಕು.

ಯಾರ್ಯಾರು ಬೇಕು

ಮ್ಯೂಸಿಯಂ ಅಂದ ತಕ್ಷಣ ಕ್ಯುರೇಟರ್ ಅನ್ನೋ ಒಂದು ಪದ ಎಲ್ಲರಿಗೂ ಹೊಳೆಯುತ್ತದೆ. ಯಾವ ವಸ್ತು ಏನು, ಯಾವುದನ್ನು ಸೇರಿಸಿಕೊಳ್ಳಬೇಕು, ಏನು ತೋರಿಸಬೇಕು ಅಂತ ನಿರ್ಧರಿಸುವ ವಿದ್ವಾಂಸರು ಅವರು. ಆದರೆ ಅವರ ಸುತ್ತ ಇನ್ನೂ ಎಷ್ಟೋ ಕೈಗಳಿವೆ.

ಸಂಗ್ರಹ ನೋಡಿಕೊಳ್ಳುವವರು ಒಬ್ಬರು. ಯಾವ ಡ್ರಾಯರಿನಲ್ಲಿ ಏನಿದೆ, ಯಾರಿಗೆ ಎರವಲು ಹೋಗಿದೆ, ಯಾವ ಬಾಟಲಿಯಲ್ಲಿ ಆಲ್ಕೋಹಾಲ್ ಇಂಗಿದೆ ಅಂತ ಲೆಕ್ಕ ಇಡೋರು. ಬಾಟಲಿಯಲ್ಲಿ ಸುಮಾರು ಶೇಕಡಾ 70ರ ಆಲ್ಕೋಹಾಲ್ ಇರಬೇಕು. ಮುಚ್ಚಳ ಸ್ವಲ್ಪ ಸಡಿಲ ಇದ್ರೂ ಅದು ಆವಿಯಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಯಾರೂ ನೋಡದಿದ್ದರೆ ಒಳಗಿನ ಮೀನು ಒಣಗಿ ಸುಕ್ಕಾಗುತ್ತದೆ.

ಅಸ್ಥಿಪಂಜರ ಸಿದ್ಧ ಮಾಡುವವರು ಇನ್ನೊಬ್ಬರು. ಇವರ ಕೆಲಸದಲ್ಲಿ ಸಹೋದ್ಯೋಗಿಗಳು ಹುಳಗಳೇ. ಡರ್ಮೆಸ್ಟಿಡ್ ಅನ್ನೋ ಜೀರುಂಡೆಗಳನ್ನು ಸಾಕಿ, ಸತ್ತ ಪ್ರಾಣಿಯನ್ನು ಅವುಗಳ ಪೆಟ್ಟಿಗೆಯಲ್ಲಿ ಇಟ್ಟರೆ ಮಾಂಸವನ್ನು ತಿಂದು ಮೂಳೆಯನ್ನು ಸ್ವಚ್ಛವಾಗಿ ಬಿಡುತ್ತವೆ. ತೀರಾ ಸಣ್ಣ ಮೂಳೆ ಕೂಡ ಮುರಿಯಲ್ಲ. ಅದೇ ಹುಳ ತಪ್ಪಿಸಿಕೊಂಡು ಒಣ ಸಂಗ್ರಹದ ಕೋಣೆಗೆ ಹೋದ್ರೆ ಮಾತ್ರ ಕಥೆ ಮುಗೀತು, ನೂರು ವರ್ಷದ ಹಕ್ಕಿ ಚರ್ಮಗಳನ್ನೂ ಹಾಗೇ ತಿಂದುಬಿಡುತ್ತದೆ. ಅದಕ್ಕೇ ಈ ಪೆಟ್ಟಿಗೆಗಳನ್ನು ಸಂಗ್ರಹದಿಂದ ದೂರ ಇಡುತ್ತಾರೆ.

ಹುಲ್ಲು ತುಂಬಿದ ಹುಲಿ ಅಂತ ನಾವು ಕರೆಯೋದನ್ನು ಮಾಡುವವರು ಟ್ಯಾಕ್ಸಿಡರ್ಮಿಸ್ಟ್‌ಗಳು. ಈ ವಿಷಯದಲ್ಲಿ ಮೈಸೂರಿಗೆ ದೊಡ್ಡ ಹೆಸರೇ ಇತ್ತು. ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯಲ್ಲಿ ತಯಾರಾದ ಹುಲಿ, ಚಿರತೆಗಳು ಪ್ರಪಂಚದ ಎಷ್ಟೋ ಕಡೆ ಇವೆ. ಅವು ಬೇಟೆಗಾರರ ಕಾಲದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ನಿಂತಿತು, ಅದು ಒಳ್ಳೆಯದೇ ಆಯ್ತು. 1999ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೆ ಬೇಟೆ ಬೇರೆ, ಈ ಕೈಚಳಕ ಬೇರೆ. ವಯಸ್ಸಾಗಿ ಝೂನಲ್ಲಿ ಸತ್ತ ಪ್ರಾಣಿಯನ್ನು ಮಕ್ಕಳ ಪಾಠಕ್ಕೆ ಉಳಿಸಿಕೊಳ್ಳೋಕೆ ಇವತ್ತಿಗೂ ಅದೇ ವಿದ್ಯೆ ಬೇಕು. ಮುಂಬೈನಲ್ಲಿ ಪಶುವೈದ್ಯ ಕಾಲೇಜಿನ ಅಂಗರಚನಾ ಶಾಸ್ತ್ರದ ಅಧ್ಯಾಪಕರಾದ ಡಾ. ಸಂತೋಷ್ ಗಾಯಕ್ವಾಡ್ ಇದನ್ನು ತಾವೇ ಕಲಿತು, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಟ್ಯಾಕ್ಸಿಡರ್ಮಿ ಕೇಂದ್ರದಲ್ಲಿ ಹುಲಿ, ಸಿಂಹ, ಪಕ್ಷಿಗಳನ್ನು ಸಿದ್ಧಪಡಿಸಿದ್ದಾರೆ. ಒಂದು ಕಾಲಕ್ಕೆ ಮೈಸೂರಿನ ಒಂದು ಕಾರ್ಖಾನೆ ತುಂಬ ಇದ್ದ ವಿದ್ಯೆಗೆ ಈಗ ದೇಶದಲ್ಲಿ ಹುಡುಕಿದರೂ ಕೆಲವೇ ಹೆಸರು ಸಿಗುತ್ತವೆ.

ಆಮೇಲೆ ಸಂರಕ್ಷಕರು. ಗಾಳಿಯ ತೇವಾಂಶ ಶೇಕಡಾ 65-70 ದಾಟಿದರೆ ಬೂಷ್ಟು ಹಿಡಿಯುತ್ತದೆ. ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗ್ತಾ ಇದ್ರೆ ಚರ್ಮ, ಮರ, ದಂತ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತವೆ. ಮಂಗಳೂರು, ಶಿವಮೊಗ್ಗ ಕಡೆಯವರಿಗೆ ಇದನ್ನು ವಿವರಿಸೋದೇ ಬೇಡ, ಜುಲೈನಲ್ಲಿ ಬೀರು ತೆಗೆದರೆ ಬೆಲ್ಟ್, ಚಪ್ಪಲಿ ಮೇಲೆ ಏನಿರುತ್ತೆ ಅಂತ ಅವರಿಗೆ ಗೊತ್ತು. ಹುಳ ಬಿದ್ದ ಸ್ಪೆಸಿಮನ್ನನ್ನು ಮೈನಸ್ 20, 30 ಡಿಗ್ರಿಯ ಫ್ರೀಜರಿನಲ್ಲಿ ದಿನಗಟ್ಟಲೆ ಇಟ್ಟು ಹುಳ ಸಾಯಿಸುತ್ತಾರೆ. ಹಳೇ ಕಾಲದ ಪ್ರಾಣಿಗಳ ಚರ್ಮಕ್ಕೆ ಆರ್ಸೆನಿಕ್ ಸೋಪು ಹಚ್ಚಿರುತ್ತಿದ್ದರು, ಅದನ್ನು ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ. "ಧೂಳು ಒರೆಸೋದು" ಅಂತ ನಾವು ತಮಾಷೆ ಮಾಡುವ ಕೆಲಸಕ್ಕೂ ಗ್ಲೌಸ್, ಮಾಸ್ಕ್, ರಸಾಯನಶಾಸ್ತ್ರ ಎಲ್ಲ ಬೇಕು.

ಇವರ ಜೊತೆಗೆ ಪ್ರದರ್ಶನ ವಿನ್ಯಾಸ ಮಾಡುವವರು, ಚಿತ್ರ ಬರೆಯುವವರು, ಮಾಡೆಲ್ ಮಾಡುವವರು, ಮಕ್ಕಳಿಗೆ ವಿವರಿಸುವವರು. ಇದಕ್ಕೆಂದೇ ಓದುವ ಕೋರ್ಸ್ ಕೂಡ ಇದೆ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಯಾಲಜಿ ವಿಭಾಗ ಶುರುವಾದದ್ದು 1952ರಲ್ಲಿ. ಕೌನ್ಸೆಲಿಂಗ್ ಹೊತ್ತಿನಲ್ಲಿ ನಮಗೆ ಆಪ್ಷನ್ ಎಂಟ್ರಿ ಹೇಳಿಕೊಟ್ಟ ಅಣ್ಣ, ಅಕ್ಕ, ಸೋದರಮಾವ ಯಾರ ಬಾಯಲ್ಲೂ ಈ ಹೆಸರು ಬಂದಿರಲಿಲ್ಲ ಅನ್ನೋದು ಬೇರೆ ಮಾತು.

ಎಂಜಿನಿಯರ್‌ಗೆ ಅಲ್ಲೇನು ಕೆಲಸ

"ಇದೆಲ್ಲ ಬಯಾಲಜಿಯವರಿಗೆ, ನಾವು ಪಿಯುಸಿಯಲ್ಲೇ ಪಿಸಿಎಂಸಿ ತಗೊಂಡು ಕಪ್ಪೆ ಕೊಯ್ಯೋದರಿಂದ ತಪ್ಪಿಸಿಕೊಂಡವರು" ಅನ್ನೋ ಮಾತು ಹಾಸ್ಟೆಲ್ಲಿನಲ್ಲಿ ಬಂದೇ ಬರುತ್ತದೆ. ಅಂಥವರಿಗೆ ಕಾರ್ಲ್ ಏಕ್‌ಲಿ ಅನ್ನೋರ ಹೆಸರು ಹೇಳಬೇಕು. ಅವರು ಶಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ಟ್ಯಾಕ್ಸಿಡರ್ಮಿಸ್ಟ್ ಆಗಿದ್ದವರು. ಆ ಮ್ಯೂಸಿಯಂ ಇದ್ದದ್ದು 1893ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಕಟ್ಟಡದಲ್ಲಿ, ಅದರ ಹೊರಗೋಡೆಯ ಗಾರೆ ಉದುರುತ್ತಿತ್ತು. 1907ರಲ್ಲಿ ಏಕ್‌ಲಿ ಒತ್ತಡದ ಗಾಳಿಯಿಂದ ಗಾರೆಯನ್ನು ಗೋಡೆಗೆ ಚಿಮ್ಮಿಸುವ ಯಂತ್ರವನ್ನು ರೂಪಿಸಿದರು. 1911ರಲ್ಲಿ ಅದಕ್ಕೆ ಪೇಟೆಂಟ್ ಬಂತು, ಸಿಮೆಂಟ್ ಗನ್ ಅಂತ ಹೆಸರಾಯಿತು. ನಮ್ಮ ಸಿವಿಲ್ ಬ್ರಾಂಚಿನವರು ಇವತ್ತು ಓದುವ ಶಾಟ್‌ಕ್ರೀಟ್ ಹುಟ್ಟಿದ್ದು ಹೀಗೆ. ಸುರಂಗದ ಒಳಗೋಡೆಗೆ, ಗುಡ್ಡ ಕುಸಿಯದ ಹಾಗೆ ಇಳಿಜಾರಿಗೆ ಹೊಡೆಯೋ ಕಾಂಕ್ರೀಟ್ ಅದೇ. ಕಾಡಿನಲ್ಲಿ ಪ್ರಾಣಿಗಳ ಚಿತ್ರ ತೆಗೆಯೋಕೆ ಸುಲಭವಾಗಿ ತಿರುಗಿಸಬಹುದಾದ ಮೂವಿ ಕ್ಯಾಮೆರಾವನ್ನೂ ಅವರೇ ಮಾಡಿದರು. ಪ್ರಾಣಿಗೆ ರೂಪ ಕೊಡುವ ಕೆಲಸದಲ್ಲಿದ್ದ ಮನುಷ್ಯ ಸಿವಿಲ್ ಎಂಜಿನಿಯರಿಂಗಿಗೆ ಒಂದು ಅಧ್ಯಾಯ ಕೊಟ್ಟುಹೋದರು.

ನಮ್ಮ ದೇಶದ್ದೇ ಉದಾಹರಣೆ ಬೇಕಾದ್ರೆ ಕೋಲ್ಕತ್ತಾದಲ್ಲಿದೆ. ಅಲ್ಲಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಂದ್ರೆ ಗಣಿತ, ಸಂಖ್ಯಾಶಾಸ್ತ್ರ ಅಂತಷ್ಟೇ ನಮಗೆ ಗೊತ್ತು. ಅದರ ಭೂವಿಜ್ಞಾನ ಮ್ಯೂಸಿಯಮ್ಮಿನಲ್ಲಿ ಒಂದು ದೊಡ್ಡ ಡೈನೊಸಾರಿನ ಅಸ್ಥಿಪಂಜರ ನಿಂತಿದೆ. ಹೆಸರು ಬರಪಸಾರಸ್ ಟಾಗೋರಿ. ಗೋದಾವರಿ ಕಣಿವೆಯಲ್ಲಿ ಸಿಕ್ಕಿದ ಮೂಳೆಗಳು. ರವೀಂದ್ರನಾಥ ಟಾಗೋರರ ಜನ್ಮ ಶತಮಾನೋತ್ಸವದ ಹೊತ್ತಿಗೆ ಅಗೆದದ್ದರಿಂದ ಅವರ ಹೆಸರು ಇಟ್ಟರು, ವೈಜ್ಞಾನಿಕವಾಗಿ ಹೆಸರು ಪ್ರಕಟವಾದದ್ದು 1975ರಲ್ಲಿ. ಕಲ್ಲಾಗಿರುವ ಅಷ್ಟು ಭಾರದ ಮೂಳೆಗಳನ್ನು ಒಂದಕ್ಕೂ ಏಟಾಗದ ಹಾಗೆ ಕಬ್ಬಿಣದ ಆಧಾರದ ಮೇಲೆ ನಿಲ್ಲಿಸೋದು ಅಂದ್ರೆ ನಮ್ಮ ಮೆಕ್ಯಾನಿಕಲ್, ಸಿವಿಲ್ ಹುಡುಗರು ಓದುವ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠವೇ. ಭಾರ ಎಲ್ಲಿ ಬೀಳುತ್ತೆ, ಯಾವ ಸರಳು ಬಾಗುತ್ತೆ, ಮುಂದೆ ಯಾವುದಾದರೂ ಮೂಳೆಯನ್ನು ಬಿಚ್ಚಿ ಅಧ್ಯಯನ ಮಾಡಬೇಕಾದರೆ ಹೇಗೆ ತೆಗೆಯೋದು, ಇದೆಲ್ಲ ಲೆಕ್ಕ ಹಾಕಬೇಕು.

ಕಂಪ್ಯೂಟರ್ ಸೈನ್ಸಿನವರಿಗಂತೂ ಕೆಲಸ ಕಾಯ್ತಾ ಇದೆ. ಅಮೆರಿಕದ ಫ್ಲಾರಿಡಾ ಮ್ಯೂಸಿಯಂ ಮುಂದಾಳತ್ವದಲ್ಲಿ ಹಲವು ಸಂಸ್ಥೆಗಳು ಸೇರಿ 2017ರಿಂದ 2023ರವರೆಗೆ 13 ಸಾವಿರಕ್ಕೂ ಹೆಚ್ಚು ಪ್ರಾಣಿ ಮಾದರಿಗಳನ್ನು ಸಿಟಿ ಸ್ಕ್ಯಾನ್ ಮಾಡಿದವು. ಕಪ್ಪೆಯ ಹೊಟ್ಟೆ ಕೊಯ್ಯದೇ ಅದರ ಮೂಳೆ, ಅದು ಕೊನೆಗೆ ತಿಂದ ಆಹಾರ ಎಲ್ಲವನ್ನೂ ಮೂರು ಆಯಾಮದಲ್ಲಿ ಯಾರು ಬೇಕಾದರೂ ನೋಡಬಹುದು. ಸ್ಮಿತ್‌ಸೋನಿಯನ್ನಿನಲ್ಲಿ ಒಣಗಿಸಿದ ಸಸ್ಯಗಳ ಹಾಳೆಗಳನ್ನು ಕನ್ವೇಯರ್ ಬೆಲ್ಟಿನ ಮೇಲೆ ಸಾಗಿಸಿ ಒಂದೊಂದರ ಫೋಟೊ ತೆಗೆದರು. ಆಮೇಲೆ ಆ ಫೋಟೊಗಳಲ್ಲಿರುವ ನೂರು ವರ್ಷದ ಹಿಂದಿನ ಕೈಬರಹದ ಚೀಟಿಗಳನ್ನು ಓದಬೇಕು, ಊರ ಹೆಸರನ್ನು ಮ್ಯಾಪಿಗೆ ಹೊಂದಿಸಬೇಕು, ಡೇಟಾಬೇಸಿಗೆ ಹಾಕಬೇಕು. ಚೀಟಿಯಲ್ಲಿ ನಮ್ಮ ಕಡೆಯ ಊರಿನ ಹೆಸರನ್ನು ಬ್ರಿಟಿಷ್ ಅಧಿಕಾರಿಯೊಬ್ಬ ತನಗೆ ಕೇಳಿಸಿದಂತೆ ಬರೆದಿದ್ದರೆ ಅದು ಯಾವ ಊರು ಅಂತ ಊಹಿಸೋಕೆ ಕನ್ನಡ ಗೊತ್ತಿರುವ ಪ್ರೋಗ್ರಾಮರ್ ಬೇಕೇ ಬೇಕು. ನಾವು ಮಿನಿ ಪ್ರಾಜೆಕ್ಟಿಗೆ ಅಂತ ಹುಡುಕುತ್ತಿರುವ ಇಮೇಜ್ ಪ್ರೊಸೆಸಿಂಗ್ ಸಮಸ್ಯೆ ಇದೇ ತಾನೇ?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಮ್ಯೂಸಿಯಂ ಕೂಡ ನಮಗೆ ಹತ್ತಿರದ ಉದಾಹರಣೆ. ಅದು ನಿಸರ್ಗದ್ದಕ್ಕಿಂತ ತಂತ್ರಜ್ಞಾನದ ಮ್ಯೂಸಿಯಂ, 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಅಲ್ಲಿನ ಮೈ ಅಲುಗಾಡಿಸುವ ಡೈನೊಸಾರ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಬೆಂಗಳೂರಿನ ಮಕ್ಕಳು ಕಡಿಮೆ. ಆ ಕತ್ತು ತಿರುಗೋದು ಮೋಟರಿನಿಂದ, ಗೇರಿನಿಂದ, ಕಂಟ್ರೋಲರಿನಿಂದ. ಈ ಮ್ಯೂಸಿಯಂ ಸೇರಿರುವ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯ ಪರಿಷತ್ತಿಗೆ ದೇಶದ ತುಂಬ ಕೇಂದ್ರಗಳಿವೆ, ಪ್ರದರ್ಶನ ವಸ್ತುಗಳನ್ನು ತಯಾರಿಸುವ ಸ್ವಂತ ವರ್ಕ್‌ಶಾಪ್‌ಗಳಿವೆ. ಅಲ್ಲಿ ಕ್ಯುರೇಟರ್ ಹುದ್ದೆಗಳಿಗೆ ಎಂಜಿನಿಯರಿಂಗ್ ಪದವೀಧರರನ್ನೂ ತೆಗೆದುಕೊಳ್ಳುತ್ತಾರೆ. ಡಿಪ್ಲೊಮಾ, ಐಟಿಐ ಮಾಡಿದವರಿಗೂ ತಾಂತ್ರಿಕ ಹುದ್ದೆಗಳಿವೆ. ಕ್ಯುರೇಟರ್ ಅನ್ನೋ ಪದದ ಮುಂದೆ ಬಿ.ಇ. ಅನ್ನೋ ಅರ್ಹತೆ ಇರುತ್ತೆ ಅಂತ ನಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಜನ ಇಲ್ಲದಿದ್ದರೆ ಏನಾಗುತ್ತೆ

2016ರ ಏಪ್ರಿಲ್ 26ರ ಬೆಳಗಿನ ಜಾವ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಬೆಂಕಿ ಬಿತ್ತು. 1978ರ ಜೂನ್ 5ರಂದು, ವಿಶ್ವ ಪರಿಸರ ದಿನದಂದೇ ತೆರೆದ ಮ್ಯೂಸಿಯಂ ಅದು. ನಮ್ಮ ಮೈಸೂರಿನದ್ದು ಅದರ ಪ್ರಾದೇಶಿಕ ಶಾಖೆ. ದೆಹಲಿಯಲ್ಲಿ ಅದಕ್ಕೆ ಸ್ವಂತ ಕಟ್ಟಡವೇ ಇರಲಿಲ್ಲ, ಇನ್ನೊಂದು ಸಂಸ್ಥೆಯ ಕಟ್ಟಡದ ಮಹಡಿಗಳಲ್ಲಿ ನಡೆಯುತ್ತಿತ್ತು. ಪ್ರಾಣಿಗಳು, ಪಳೆಯುಳಿಕೆಗಳು ಸುಟ್ಟುಹೋದವು. ಕಟ್ಟಡದ ಬೆಂಕಿ ನಂದಿಸುವ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ ಅಂತ ಅಗ್ನಿಶಾಮಕದವರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂತು.

ಎರಡೇ ವರ್ಷಕ್ಕೆ, 2018ರ ಸೆಪ್ಟೆಂಬರ್ 2ರ ರಾತ್ರಿ, ಬ್ರೆಜಿಲ್‌ನ ರಿಯೊ ನಗರದ ರಾಷ್ಟ್ರೀಯ ಮ್ಯೂಸಿಯಂ ಹೊತ್ತಿ ಉರಿಯಿತು. 200 ವರ್ಷದ ಹಳೆಯ ಸಂಸ್ಥೆ, ಸುಮಾರು 2 ಕೋಟಿ ವಸ್ತುಗಳ ಸಂಗ್ರಹ. ಹತ್ತಿರದ ಹೈಡ್ರಂಟುಗಳಲ್ಲಿ ನೀರು ಇರಲಿಲ್ಲ. ದುರಸ್ತಿಗೆ ದುಡ್ಡಿಲ್ಲ ಅಂತ ವರ್ಷಗಳಿಂದ ಅಲ್ಲಿನವರು ಕೂಗಿ ಹೇಳುತ್ತಿದ್ದರು. ಆ ಕತ್ತಲೆಯಲ್ಲಿ ಒಂದು ಸಣ್ಣ ಸಮಾಧಾನ ಅಂದ್ರೆ, ಕೆಲವು ಪಳೆಯುಳಿಕೆಗಳನ್ನು ಮೊದಲೇ ಸಿಟಿ ಸ್ಕ್ಯಾನ್ ಮಾಡಿ ಇಟ್ಟಿದ್ದರು, ಅವುಗಳ 3ಡಿ ಮಾದರಿ ಉಳಿಯಿತು. ಮಾಡದೇ ಬಿಟ್ಟಿದ್ದಕ್ಕೆ ಹೋಲಿಸಿದರೆ ಅದು ತೀರಾ ಕಡಿಮೆ.

ಈ ಎರಡೂ ಘಟನೆಗಳನ್ನು ನಾವು 'ದುರಂತ' ಅಂತ ಹೇಳಿ ಮುಂದೆ ಹೋಗಿಬಿಡುತ್ತೇವೆ. ಸ್ವಲ್ಪ ನಿಂತು ನೋಡಿದರೆ ಇಲ್ಲಿ ಬೇಕಾಗಿದ್ದದ್ದು ಹೊಗೆ ಸೆನ್ಸರ್, ಪಂಪು, ಹಳೇ ವೈರಿಂಗಿನ ತಪಾಸಣೆ, ನೀರಿನ ಒತ್ತಡದ ಲೆಕ್ಕ, ಬ್ಯಾಕಪ್. ಯಾವುದೂ ಹೊಸ ಸಂಶೋಧನೆ ಏನಲ್ಲ, ನಮ್ಮ ಸಿಲಬಸ್ಸಿನಲ್ಲೇ ಇದೆ. ತಿಂಗಳಿಗೊಮ್ಮೆ ಹೋಗಿ ಪಂಪು ಆನ್ ಆಗುತ್ತಾ ಅಂತ ನೋಡೋಕೆ ಒಬ್ಬರು ಇರಬೇಕು, ಆಗದಿದ್ದರೆ ಸರಿ ಮಾಡಿಸುವ ಅಧಿಕಾರ ಮತ್ತು ದುಡ್ಡು ಅವರಿಗಿರಬೇಕು. ಆ ಒಬ್ಬರಿಗೆ ಒಂದು ಹುದ್ದೆ ಬೇಕು, ಹುದ್ದೆಗೆ ಸಂಬಳ ಬೇಕು. ಕಟ್ಟಡ ಉದ್ಘಾಟನೆಗೆ ರಿಬ್ಬನ್ ಇರುತ್ತದೆ, ಫೋಟೊ ಇರುತ್ತದೆ. ತೇವಾಂಶ ನೋಡಿಕೊಳ್ಳುವವರ ನೇಮಕಾತಿಗೆ ಯಾರೂ ಫೋಟೊ ತೆಗೆಸಿಕೊಳ್ಳಲ್ಲ. ಅದಕ್ಕೇ ಮೊದಲನೆಯದು ಬೇಗ ಆಗುತ್ತದೆ, ಎರಡನೆಯದು ಫೈಲಿನಲ್ಲೇ ಇರುತ್ತದೆ.

ಸಂಬಳದ ಪ್ರಶ್ನೆ

"ಎಲ್ಲ ಸರಿ, ಮನೆಯಲ್ಲಿ ಎಜುಕೇಶನ್ ಲೋನ್ ಇದೆ, ಮ್ಯೂಸಿಯಂ ಅಂತ ಹೇಗೆ ಹೇಳೋದು?" ಈ ಪ್ರಶ್ನೆಯನ್ನು ಜಾರಿಸಿಬಿಡೋದು ತಪ್ಪು. ಇಂಥ ಹುದ್ದೆಗಳು ಕಡಿಮೆ. ಪ್ರತಿ ವರ್ಷ ಅರ್ಜಿ ಕರೆಯಲ್ಲ. ಎಷ್ಟೋ ಕಡೆ ಕಾಂಟ್ರ್ಯಾಕ್ಟ್ ಮೇಲೆ ತಗೊಳ್ತಾರೆ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಕಾಯಂ ಆದವರಿಗೆ ಸರ್ಕಾರಿ ವೇತನ ಶ್ರೇಣಿ ಸಿಗುತ್ತದೆ, ಅದು ಗೌರವದ ಸಂಬಳವೇ, ಆದರೆ ಅಲ್ಲಿಗೆ ತಲುಪೋವರೆಗೆ ಕಾಯಬೇಕು. ಒಂದು ಕ್ಲಾಸಿನ ಅರವತ್ತು ಜನರೂ ಮ್ಯೂಸಿಯಂಗೆ ಹೋಗಿ ಅಂತ ನಾವು ಹೇಳ್ತಾ ಇಲ್ಲ. ಅರವತ್ತರಲ್ಲಿ ಒಬ್ಬರಿಗೆ ಹುಳ, ಕಲ್ಲು, ಮೂಳೆಗಳ ಮೇಲೆ ಆಸೆ ಇದ್ರೆ, ಅವರಿಗೆ ಈ ದಾರಿ ಇದೆ ಅಂತ ಗೊತ್ತಿರಬೇಕು. ಗೊತ್ತಿದ್ದೂ ಬೇಡ ಅನ್ನೋದು ಆಯ್ಕೆ. ಗೊತ್ತೇ ಇಲ್ಲದಿದ್ದರೆ ಅಲ್ಲಿ ಆಯ್ಕೆ ಎಲ್ಲಿಂದ ಬರಬೇಕು?

"ಪ್ಯಾಶನ್ ಇದ್ದವರು ಕಡಿಮೆ ಸಂಬಳಕ್ಕೂ ಮಾಡ್ತಾರೆ" ಅನ್ನೋ ಇನ್ನೊಂದು ಮಾತಿದೆ. ನಮಗೆ ಸಿಟ್ಟು ಬರೋದು ಇದಕ್ಕೇ. ಪ್ರೀತಿಯಿಂದ ಕೆಲಸ ಮಾಡುವವರಿಗೆ ಕಡಿಮೆ ಕೊಟ್ಟರೂ ನಡೆಯುತ್ತೆ ಅಂದುಕೊಂಡರೆ, ಬಾಡಿಗೆ ಕಟ್ಟಬೇಕಾದ ಮನೆಗಳ ಮಕ್ಕಳು ಈ ಕಡೆ ತಲೆ ಹಾಕಲ್ಲ. ಅಪ್ಪನ ದುಡ್ಡಿರುವವರಿಗೆ ಮಾತ್ರ ಸಿಗುವ ಕೆಲಸವಾಗಿಬಿಡುತ್ತದೆ ಅದು. ಕಾಡಿನ ಅಂಚಿನಲ್ಲೇ ಬೆಳೆದು, ಹಕ್ಕಿಯ ಕೂಗು ಕೇಳಿಯೇ ಹೆಸರು ಹೇಳಬಲ್ಲ ಹುಡುಗ ಹುಡುಗಿಯರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಅವರು ಬೆಂಚ್ ಮೇಲೆ ಕೂತು ಕೋಡಿಂಗ್ ಟೆಸ್ಟಿಗೆ ತಯಾರಾಗ್ತಾ ಇರೋದು ಸಂಬಳ ಅಲ್ಲಿದೆ ಅಂತ. ತಪ್ಪೇನಿಲ್ಲ. ಆದರೆ ನಷ್ಟ ಮ್ಯೂಸಿಯಂಗೆ.

ಕನ್ನಡದಲ್ಲಿ ಹೇಳೋರು ಯಾರು

ನಮ್ಮಂಥ ಕನ್ನಡ ಸಂಘದವರು ಈ ವಿಷಯದ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನೋದಕ್ಕೂ ಉತ್ತರ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಪ್ಯಾಂಗೊಲಿನ್ ಗೊತ್ತು, ಚಿಪ್ಪುಹಂದಿ ಅಂದ್ರೆ ಒಂದು ಕ್ಷಣ ಯೋಚಿಸಬೇಕು. ಸ್ಲೆಂಡರ್ ಲೋರಿಸ್ ಗೊತ್ತು, ಕಾಡುಪಾಪ ಅನ್ನೋ ಎಷ್ಟು ಚೆಂದದ ಹೆಸರು ಗೊತ್ತಿಲ್ಲ. ಹಳ್ಳಿ ಶಾಲೆಯಿಂದ ಬಸ್ಸಿನಲ್ಲಿ ಬಂದ ಮಗುವಿಗೆ ಉಲ್ಟಾ. ಕಂಬಳಿಹುಳ ನೋಡಿ ಬೆಳೆದ ಮಗುವಿಗೆ ಬೋರ್ಡಿನಲ್ಲಿ ಕನ್ನಡ ಅಕ್ಷರದಲ್ಲೇ 'ಲಾರ್ವಾ' ಅಂತ ಬರೆದಿದ್ದರೂ ಅದು ಬೇರೆ ಯಾವುದೋ ಪ್ರಾಣಿ ಅನ್ನಿಸುತ್ತದೆ. ಬೋರ್ಡಿನಲ್ಲಿ ಕನ್ನಡ ಅಕ್ಷರ ಇರೋದು ಒಂದು, ಮಗುವಿಗೆ ಗೊತ್ತಿರೋದರಿಂದ ಶುರು ಮಾಡಿ ಗೊತ್ತಿಲ್ಲದ ಕಡೆಗೆ ಕರೆದುಕೊಂಡು ಹೋಗೋದು ಇನ್ನೊಂದು. ಎರಡನೆಯದಕ್ಕೆ ಅಲ್ಲಿ ನಿಂತು ಮಾತಾಡುವ ಮನುಷ್ಯರು ಬೇಕು.

ಕನ್ನಡಕ್ಕೆ ಇದು ಹೊಸದೇನಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿಡ ಸಂಗ್ರಹಕ್ಕೆ ಹೋದದ್ದನ್ನೇ 'ಹಸುರು ಹೊನ್ನು' ಪುಸ್ತಕ ಮಾಡಿದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಭಾಷೆಗೆ ಶಕ್ತಿ ಇದೆ. ಆ ಶಕ್ತಿಯನ್ನು ಗ್ಯಾಲರಿಯಲ್ಲಿ ದಿನಾ ಬಳಸುವ ಹುದ್ದೆ ಬೇಕು. ಮ್ಯೂಸಿಯಂಗಳ ಶಿಕ್ಷಣ ವಿಭಾಗಕ್ಕೆ ಜನ ತೆಗೆದುಕೊಳ್ಳುವಾಗ ಕರ್ನಾಟಕದ ಕೇಂದ್ರಗಳಲ್ಲಿ ಕನ್ನಡದಲ್ಲಿ ವಿವರಿಸುವ ಸಾಮರ್ಥ್ಯವನ್ನು ಅರ್ಹತೆಯಾಗಿ ಕೇಳಲಿ ಅಂತ ನಾವು ಒತ್ತಾಯಿಸುತ್ತೇವೆ.

ಏನು ಮಾಡಬಹುದು

ಸರ್ಕಾರಕ್ಕೆ ನಮ್ಮ ಬೇಡಿಕೆ ಇಷ್ಟೇ. ಹೊಸ ಮ್ಯೂಸಿಯಂ ಘೋಷಿಸಿದಾಗ ಎಷ್ಟು ಕೋಟಿ ಅಂತ ಹೇಳುವ ಜೊತೆಗೆ ಎಷ್ಟು ಹುದ್ದೆ ಅಂತಲೂ ಹೇಳಲಿ. ಅದರಲ್ಲಿ ಸಂರಕ್ಷಣೆಗೆ ಎಷ್ಟು, ತಾಂತ್ರಿಕ ನಿರ್ವಹಣೆಗೆ ಎಷ್ಟು, ಡಿಜಿಟಲೀಕರಣಕ್ಕೆ ಎಷ್ಟು ಅಂತ ಬಿಡಿಸಿ ಹೇಳಲಿ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ 1865ರದ್ದು, ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಒಂದು. ಈ ಕೆಲಸ ಶುರು ಮಾಡಿ 150 ವರ್ಷ ದಾಟಿದ ರಾಜ್ಯದಲ್ಲಿ ಇದು ದೊಡ್ಡ ಕೋರಿಕೆ ಅಲ್ಲ.

ಕಾಲೇಜಿಗೆ ನಮ್ಮ ಕೋರಿಕೆ ಇನ್ನೂ ಸಣ್ಣದು. ಇಂಟರ್ನ್‌ಶಿಪ್ ಹೇಗೂ ಕಡ್ಡಾಯ. ಅದರ ಪಟ್ಟಿಯಲ್ಲಿ ವಿಜ್ಞಾನ ಮ್ಯೂಸಿಯಂಗಳನ್ನೂ ಸೇರಿಸಿ, ಅಲ್ಲಿನವರಿಗೆ ಒಂದು ಪತ್ರ ಬರೆಯಿರಿ. ಪ್ಲೇಸ್‌ಮೆಂಟ್ ಸೆಲ್ ಕಂಪನಿಯವರನ್ನು ಮಾತಿಗೆ ಕರೆಯುವ ಹಾಗೆ ವರ್ಷಕ್ಕೊಮ್ಮೆ ಒಬ್ಬ ಕ್ಯುರೇಟರ್‌ರನ್ನೂ ಕರೆಯಲಿ.

ಇನ್ನು ನಾವು. ಪ್ರತಿ ವರ್ಷ ಸ್ಮಾರ್ಟ್ ಡಸ್ಟ್‌ಬಿನ್, ಗಿಡಕ್ಕೆ ತಾನಾಗೇ ನೀರು ಹಾಕುವ ಯಂತ್ರ ಅಂತ ಅದೇ ಪ್ರಾಜೆಕ್ಟುಗಳನ್ನು ಮಾಡಿ, ವೈವಾ ಮುಗಿದ ಮೇಲೆ ಬಿಚ್ಚಿ ಹಾಕುತ್ತೇವೆ. ಊರಿನ ಹಳೇ ಡಿಗ್ರಿ ಕಾಲೇಜಿನ ಝೂವಾಲಜಿ, ಬಾಟನಿ ಲ್ಯಾಬಿಗೆ ಒಮ್ಮೆ ಹೋಗಿ ನೋಡಿ. ಗಾಜಿನ ಬಾಟಲಿಗಳು, ಹಳದಿಯಾದ ಹರ್ಬೇರಿಯಂ ಹಾಳೆಗಳು ಯಾವುದಾದರೂ ಬೀರುವಿನಲ್ಲಿ ಇದ್ದೇ ಇರುತ್ತವೆ. ಒಂದು ಇಎಸ್‌ಪಿ32 ಬೋರ್ಡ್, ಒಂದು ತೇವಾಂಶ ಸೆನ್ಸರ್ ಸೇರಿಸಿದರೆ ಬೀರು ಒಳಗಿನ ಗಾಳಿ ದಿನವಿಡೀ ಹೇಗಿರುತ್ತೆ ಅಂತ ದಾಖಲಿಸಬಹುದು. ಫೋನ್ ಕ್ಯಾಮೆರಾ, ಒಂದು ಸ್ಟ್ಯಾಂಡ್, ಎರಡು ಲೈಟ್ ಇದ್ದರೆ ಹಾಳೆಗಳ ಫೋಟೊ ತೆಗೆದು, ಚೀಟಿಯಲ್ಲಿರುವ ವಿವರವನ್ನು ಪಟ್ಟಿ ಮಾಡಬಹುದು. ವೈವಾ ಮುಗಿದ ಮೇಲೂ ಅದು ಅಲ್ಲೇ ಉಪಯೋಗಕ್ಕೆ ಬರುತ್ತದೆ. ನಮ್ಮ ರೆಸ್ಯೂಮಿಗೂ ಒಂದು ನಿಜವಾದ ಸಾಲು ಸಿಗುತ್ತದೆ.

ಈ ಸೆಮ್ ರಜೆಯಲ್ಲಿ ಇಂಥದ್ದೊಂದು ಪ್ರಯತ್ನ ಮಾಡೋಣ ಅನ್ನೋರು ಯಾವ ಬ್ರಾಂಚಿನವರಾದರೂ ಸರಿ, ಸಂಘದ ಕೋಣೆಗೆ ಬಂದು ಹೆಸರು ಕೊಡಿ. ನಾಲ್ಕು ಜನ ಸೇರಿದರೂ ಸಾಕು, ಒಂದು ಬೀರುವಿನಿಂದ ಶುರು ಮಾಡೋಣ.